ಐವತ್ಮೂರು ಪೈಸೆಯ ದೇವದುರ್ಗವೂ ಗ್ರಾಫ್ ಹಾಳೆಯ ಕಂಬಗಳೂ

ಸಂಜೆ ಐದೂವರೆ. ರಾಯಚೂರು ಬಸ್ ಸ್ಟ್ಯಾಂಡು. ದೇವದುರ್ಗದ ಬಸ್ಸು ಬಂದು ನಿಂತಿದೆ. ಡ್ರೈವರ್ ಸಾಹೇಬರು ಚಹಾಕ್ಕೆ ಹೋಗಿದ್ದಾರೆ. ಕಿಟಕಿ ಪಕ್ಕದ ಸೀಟಿನಲ್ಲಿ ಒಬ್ಬ ಹೈಸ್ಕೂಲು ಹುಡುಗಿ. ತೊಡೆಯ ಮೇಲೆ ಪರೀಕ್ಷೆಯ ರಟ್ಟು, ರಟ್ಟಿನ ಮೇಲೆ ಗ್ರಾಫ್ ಹಾಳೆ. ಹಾಳೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ನಿಂತ ಐದಾರು ಕಂಬಗಳು. ಪಕ್ಕದಲ್ಲಿ ಕುಳಿತವರು ಗಂಜಿನಲ್ಲಿ ವ್ಯಾಪಾರ ಮುಗಿಸಿ ಊರಿಗೆ ಹೊರಟ ಹಿರಿಯರು. ಕೈಚೀಲ ಕಾಲಡಿಗೆ ಸೇರಿಸಿ, ಬಗ್ಗಿ ನೋಡಿ ಕೇಳಿದರು:

“ಏನವ್ವಾ, ಮನಿ ನಕ್ಷಿ ಹಾಕೀಯೇನು?”

“ಮನಿ ಅಲ್ರಿ ಕಾಕಾ, ಹಿಸ್ಟೋಗ್ರಾಂ.”

“ಹಂಗಂದ್ರ ಏನವ್ವಾ?”

ಹುಡುಗಿ ಪೆನ್ಸಿಲ್ ಕಚ್ಚಿಕೊಂಡು ಒಂದು ಕ್ಷಣ ಯೋಚನೆ ಮಾಡಿತು. “ಹಂಗಂದ್ರ... ನಾಕು ಮಾರ್ಕಿಂದ್ರಿ.”

ಬಸ್ಸಿನಲ್ಲಿ ಇದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಬಸ್ಸು ಬಿಟ್ಟಿತು. ಆದರೆ ಆ ಉತ್ತರ ಮಾತ್ರ ನಮ್ಮನ್ನು ಬಿಡಲಿಲ್ಲ. ಹುಡುಗಿಯದು ತಪ್ಪಿಲ್ಲ ಬಿಡಿ. ಕಂಬಗಳನ್ನು ಅಚ್ಚುಕಟ್ಟಾಗಿಯೇ ಎಳೆದಿತ್ತು, ಸ್ಕೇಲು ಬರೆದಿತ್ತು, ಪೆನ್ಸಿಲಿನಿಂದ ನೆರಳು ಕೊಟ್ಟಿತ್ತು. ನಾಲ್ಕಕ್ಕೆ ನಾಲ್ಕು ಬರುವುದು ಖಂಡಿತ. ಆದರೆ ಆ ಕಂಬಗಳು ಏನು ಹೇಳುತ್ತವೆ ಅಂತ ಯಾರೂ ಅದಕ್ಕೆ ಹೇಳಿಲ್ಲ. ಅದೇ ಬಸ್ಸು ಹೋಗುತ್ತಿರುವ ದೇವದುರ್ಗ ತಾಲ್ಲೂಕಿನ ಹಣೆಬರಹವನ್ನು ಒಂದು ಕಾಲಕ್ಕೆ ಇಂಥ ಕಂಬಗಳ ಲೆಕ್ಕದಿಂದಲೇ ಬರೆದಿದ್ದಾರೆ ಅಂತಲೂ ಹೇಳಿಲ್ಲ. ಅದನ್ನು ಹೇಳುವ ಕೆಲಸ ಇವತ್ತು ಈ ಅಂಕಣದ್ದು. ಗಬ್ಬೂರು ದಾಟುವುದರೊಳಗೆ ಓದಿ ಮುಗಿಸಬಹುದು.

ಕಂಬಕ್ಕೂ ಕಂಬಕ್ಕೂ ಫರಕು

ಮೊದಲು ಬಸ್ ಸ್ಟ್ಯಾಂಡಿನಿಂದಲೇ ಶುರು ಮಾಡೋಣ. ಒಂದು ಸಂಜೆ ದೇವದುರ್ಗಕ್ಕೆ ಎಷ್ಟು ಜನ ಹೋದರು, ಮಾನವಿಗೆ ಎಷ್ಟು, ಲಿಂಗಸುಗೂರಿಗೆ ಎಷ್ಟು, ಸಿಂಧನೂರಿಗೆ ಎಷ್ಟು ಅಂತ ಎಣಿಸಿ ನಾಲ್ಕು ಕಂಬ ಎಳೆದರೆ ಅದು ಸಾದಾ ಸ್ತಂಭ ನಕ್ಷೆ. ಮಾನವಿ ಕಂಬವನ್ನು ಮೊದಲು ಹಾಕಿ, ಸಿಂಧನೂರಿನದನ್ನು ಕೊನೆಗೆ ಹಾಕಿ, ಯಾರೂ ಜಗಳಕ್ಕೆ ಬರುವುದಿಲ್ಲ. ಊರಿಗೂ ಊರಿಗೂ ನಡುವೆ ಜಾಗ ಬಿಟ್ಟೇ ಎಳೆಯುತ್ತಾರೆ.

ಈಗ ಇನ್ನೊಂದು ಲೆಕ್ಕ. ಅದೇ ಬಸ್ ಸ್ಟ್ಯಾಂಡಿನಲ್ಲಿ ಯಾರ್ಯಾರು ಎಷ್ಟೆಷ್ಟು ಹೊತ್ತು ಕಾದರು? ಸೊನ್ನೆಯಿಂದ 10 ನಿಮಿಷದೊಳಗೆ ಬಸ್ಸು ಸಿಕ್ಕವರು ಎಷ್ಟು ಮಂದಿ, 10 ರಿಂದ 20, 20 ರಿಂದ 30, ಹೀಗೆ. ಇಲ್ಲಿ ಕಂಬ ಅದಲು ಬದಲು ಮಾಡಲು ಬರುವುದಿಲ್ಲ. ಹತ್ತರ ಮುಂದೆ ಇಪ್ಪತ್ತೇ ಬರಬೇಕು. ನಡುವೆ ಜಾಗವನ್ನೂ ಬಿಡುವ ಹಾಗಿಲ್ಲ, ಯಾಕಂದ್ರೆ ಒಂಬತ್ತನೇ ನಿಮಿಷಕ್ಕೂ ಹತ್ತನೇ ನಿಮಿಷಕ್ಕೂ ನಡುವೆ ಹೊತ್ತು ಎಲ್ಲೂ ನಿಲ್ಲುವುದಿಲ್ಲ. ಗಡಿಯಾರ ನಿರಂತರ ನಡೆದೇ ಇರುತ್ತದೆ. ಹೀಗೆ ಅಂಟಿಕೊಂಡು ನಿಂತ ಕಂಬಗಳಿಗೇ ಹಿಸ್ಟೋಗ್ರಾಂ ಅಂತ ಹೆಸರು. ಹೆಸರು ಇಟ್ಟವನು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್, 1890ರ ದಶಕದಲ್ಲಿ. ಹೆಸರು ಅವನದಾದರೂ ಕೆಲಸ ನಮ್ಮ ಅಂಗಡಿಕಾರರಿಗೆ ಹೊಸದೇನಲ್ಲ. ಮೂಟೆ ಇಳಿಸುವಾಗ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆಯುವ ಗುಮಾಸ್ತನೂ ಇದೇ ಲೆಕ್ಕದ ಮೊದಲ ಪಾಠ ಮಾಡಿದವನೇ.

ಒಂದು ಕಿರಾಣಿ ಅಂಗಡಿ ಲೆಕ್ಕ

ಮಾನವಿಯಲ್ಲಿ ಒಂದು ಕಿರಾಣಿ ಅಂಗಡಿ ಅಂದುಕೊಳ್ಳಿ. ಒಂದು ದಿನ 40 ಗಿರಾಕಿ ಬಂದರು. ರಾತ್ರಿ ಗಲ್ಲಾ ಎಣಿಸಿದಾಗ 6,000 ರೂಪಾಯಿ. ನಲವತ್ತರಿಂದ ಭಾಗಿಸಿದರೆ ತಲೆಗೆ 150 ರೂಪಾಯಿ. ಮಾಲೀಕನಿಗೆ ಖುಷಿ: ನನ್ನ ಗಿರಾಕಿ ನೂರೈವತ್ತು ರೂಪಾಯಿ ಗಿರಾಕಿ! ಮರುದಿನವೇ ದೊಡ್ಡ ದೊಡ್ಡ ಪ್ಯಾಕೆಟ್ಟು ತರಿಸಿ ಜೋಡಿಸುತ್ತಾನೆ. ತಿಂಗಳಾದರೂ ಅವು ಕಪಾಟಿನಲ್ಲೇ ಕೂತು ಧೂಳು ತಿನ್ನುತ್ತವೆ. ಯಾಕೆ?

ಮಾಲೀಕನ ಮಗಳು ಒಂಬತ್ತನೇ ಕ್ಲಾಸು. ಬಿಲ್ ಬುಕ್ಕು ತಗೊಂಡು ಕೂತಳು. ಮೊದಲು ಅತಿ ಸಣ್ಣ ಬಿಲ್ಲು ಯಾವುದು, ಅತಿ ದೊಡ್ಡದು ಯಾವುದು ನೋಡಿದಳು. ಆಮೇಲೆ ಐವತ್ತು ಐವತ್ತು ರೂಪಾಯಿಗೆ ಒಂದೊಂದು ಡಬ್ಬಿ ಮಾಡಿದಳು. ಶಾಲೆಯಲ್ಲಿ ಇದಕ್ಕೆ ವರ್ಗಾಂತರ ಅಂತಾರೆ. ಒಂದೊಂದು ಬಿಲ್ಲಿಗೆ ಒಂದೊಂದು ಗೀಟು. ಗೀಟು ಎಣಿಸಿದರೆ ಬಂದದ್ದು ಆವೃತ್ತಿ. ಪಟ್ಟಿ ಹೀಗಾಯಿತು:

50 ರೂಪಾಯಿ ಒಳಗೆ — 15 ಗಿರಾಕಿ
50 ರಿಂದ 100 — 11
100 ರಿಂದ 150 — 6
150 ರಿಂದ 200 — 4
200 ರಿಂದ 250 — 2
ಅದರಾಚೆ, ಬಹಳ ದೂರ, 1,450 ರೂಪಾಯಿ ಆಸುಪಾಸಿನಲ್ಲಿ — 2

ಕೊನೆಯ ಎರಡು ಯಾವವು? ಊರಲ್ಲಿ ಮದುವೆ ಇದ್ದ ಎರಡು ಮನೆಯವರ ಸಾಮಾನು. ಆ ಎರಡೇ ಬಿಲ್ಲಿನಿಂದ 2,900 ರೂಪಾಯಿ ಬಂದಿದೆ. ಉಳಿದ 38 ಗಿರಾಕಿಗಳಿಂದ ಬಂದದ್ದು 3,100. ನಲವತ್ತರಲ್ಲಿ 26 ಮಂದಿ ನೂರು ರೂಪಾಯಿ ಒಳಗಿನವರು. ‘ಸರಾಸರಿ’ 150 ಮುಟ್ಟಿದವರು ಎಲ್ಲ ಸೇರಿ 8 ಜನ. ಅಂದರೆ ಸರಾಸರಿ ಗಿರಾಕಿ ಅಂತ ಮಾಲೀಕ ಯಾರನ್ನು ಅಂದುಕೊಂಡನೋ ಆ ಮನುಷ್ಯ ಅಂಗಡಿಗೆ ಹೆಚ್ಚಾಗಿ ಬಂದೇ ಇಲ್ಲ! ಮಗಳು ಹಾಳೆ ಹಿಡಿದು ತೋರಿಸಿದಳು: ಎಡಗಡೆ ಎತ್ತರದ ಕಂಬ, ಬಲಗಡೆ ಇಳಿಯುತ್ತಾ ಇಳಿಯುತ್ತಾ ಹೋಗಿ, ಆಮೇಲೆ ಬಯಲು, ಬಯಲಿನ ತುದಿಗೆ ಒಂಟಿ ಗುಡಿಸಲಿನ ಹಾಗೆ ಎರಡು ಬಿಲ್ಲು. “ಅಪ್ಪಾಜಿ, ಐದು ಹತ್ತು ರೂಪಾಯಿ ಪಾಕೀಟು ತರಿಸ್ರಿ” ಅಂದಳು. ಇದೇ ಹಿಸ್ಟೋಗ್ರಾಂ ಓದುವುದು. ಎಳೆಯುವುದಕ್ಕೆ ನಾಲ್ಕು ಮಾರ್ಕು ಸಿಗಬಹುದು, ಓದಿದ್ದಕ್ಕೆ ಅಂಗಡಿಯೇ ಉಳಿಯಿತು.

ಇಲ್ಲಿ ಒಂದು ತಕರಾರು ಬರುತ್ತದೆ. ಸರಿಯಾಗಿ 50 ರೂಪಾಯಿ ಬಿಲ್ಲು ಇದ್ದರೆ ಅದನ್ನು ಮೊದಲ ಡಬ್ಬಿಗೆ ಹಾಕಬೇಕೋ ಎರಡನೆಯದಕ್ಕೋ? ಎರಡಕ್ಕೂ ಹಾಕಿದರೆ ಗಿರಾಕಿ ಇಬ್ಬರಾಗುತ್ತಾರೆ, ಎರಡಕ್ಕೂ ಬಿಟ್ಟರೆ ಮಾಯವಾಗುತ್ತಾನೆ. ಶಾಲೆಯ ಕಟ್ಟಳೆ ಹೀಗಿದೆ: ಮೇಲಿನ ಗಡಿ ಮುಟ್ಟಿದವನು ಮುಂದಿನ ಡಬ್ಬಿಗೆ. ಐವತ್ತು ಮುಟ್ಟಿದ ಕೂಡಲೇ 50–100ರ ಡಬ್ಬಿ. ಯಾವ ಕಟ್ಟಳೆ ಆದರೂ ಸರಿ, ಮೊದಲೇ ಹೇಳಿ ಕೊನೆತನಕ ಅದನ್ನೇ ಹಿಡಿಯಬೇಕು. ನಡುವೆ ಬದಲಾಯಿಸಿದರೆ ಅದು ತಕ್ಕಡಿಯಲ್ಲಿ ಬೆರಳಿಟ್ಟ ಹಾಗೆ.

ಡಬ್ಬಿ ಎಷ್ಟು ಅಗಲ ಇರಬೇಕು ಅನ್ನುವುದೂ ಸಣ್ಣ ಮಾತಲ್ಲ. 500 ರೂಪಾಯಿಗೆ ಒಂದು ಡಬ್ಬಿ ಮಾಡಿದರೆ 38 ಗಿರಾಕಿ ಒಂದೇ ಕಂಬಕ್ಕೆ ಬಿದ್ದು, ಹದಿನೈದು ರೂಪಾಯಿ ಚಹಾಪುಡಿ ಒಯ್ದ ಮುದುಕಿಯೂ ಇನ್ನೂರೈವತ್ತರ ಹತ್ತಿರ ಬಿಲ್ಲು ಮಾಡಿದ ಮೇಷ್ಟ್ರೂ ಒಂದೇ ಆಗಿಬಿಡುತ್ತಾರೆ. ಎರಡೆರಡು ರೂಪಾಯಿಗೆ ಒಂದು ಡಬ್ಬಿ ಮಾಡಿದರೆ ಹಲ್ಲು ಮುರಿದ ಬಾಚಣಿಕೆ ಹಾಗೆ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಅಗಲ ಯಾರು ನಿರ್ಧಾರ ಮಾಡುತ್ತಾರೋ, ಯಾರು ಕಾಣಿಸಬೇಕು ಯಾರು ಮರೆಯಾಗಬೇಕು ಅನ್ನುವುದನ್ನೂ ಅವರೇ ನಿರ್ಧಾರ ಮಾಡಿದ ಹಾಗೆ. ಈ ಮಾತು ನೆನಪಿಟ್ಟುಕೊಳ್ಳಿ, ಈಗ ಅಂಗಡಿಯಿಂದ ವಿಧಾನಸೌಧಕ್ಕೆ ಹೋಗೋಣ.

ರಾಜ್ಯವೇ ಒಂದು ರೂಪಾಯಿ ಆದರೆ

2000ದಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಒಂದು ಸಮಿತಿ ಮಾಡಿತು. ಪ್ರಾದೇಶಿಕ ಅಸಮತೋಲನ ಅಂದರೆ ಎಷ್ಟು, ಯಾರು ಎಷ್ಟು ಹಿಂದೆ ಬಿದ್ದಿದ್ದಾರೆ ಅಂತ ಅಳತೆ ಮಾಡಿ ಹೇಳಿ ಅಂದಿತು. ಅಧ್ಯಕ್ಷರು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ. 2002ರ ಜೂನ್‌ನಲ್ಲಿ ವರದಿ ಬಂತು. ‘ನಂಜುಂಡಪ್ಪ ವರದಿ’ ಅಂತ ನಮ್ಮ ಭಾಗದಲ್ಲಿ ಚಹಾದಂಗಡಿಯವರಿಗೂ ಗೊತ್ತು. ಭಾಷಣದಲ್ಲಿ ಹೆಸರು ಕೇಳಿದವರು ಲಕ್ಷ, ಒಳಗಿನ ಲೆಕ್ಕ ನೋಡಿದವರು ಎಷ್ಟು ಜನವೋ!

ಲೆಕ್ಕ ಬಹಳ ಸೊಗಸಾಗಿದೆ. ಆಗ ರಾಜ್ಯದಲ್ಲಿ 175 ತಾಲ್ಲೂಕು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ ಹೀಗೆ 35 ಸೂಚಕ ಹಿಡಿದು ಪ್ರತಿ ತಾಲ್ಲೂಕಿಗೆ ಒಂದೇ ಒಂದು ಅಂಕಿ ಕಟ್ಟಿದರು. ರಾಜ್ಯದ ಸರಾಸರಿ ಅಂದರೆ 1. ಅದಕ್ಕಿಂತ ಕಡಿಮೆ ಬಂದರೆ ಹಿಂದುಳಿದ ತಾಲ್ಲೂಕು. ನಮ್ಮ ಓದುಗರಿಗೆ ಸುಲಭವಾಗಲಿ ಅಂತ ಅದನ್ನು ಒಂದು ರೂಪಾಯಿ ಅನ್ನೋಣ. ಇದು ಜೇಬಿನ ದುಡ್ಡಲ್ಲ, ಹೋಲಿಕೆಯ ಅಳತೆ ಅಷ್ಟೆ. ರಾಜ್ಯ ಒಂದು ರೂಪಾಯಿ ಆದರೆ ನಿಮ್ಮ ತಾಲ್ಲೂಕು ಎಷ್ಟು ಪೈಸೆ?

114 ತಾಲ್ಲೂಕು ರೂಪಾಯಿಗೆ ಮುಟ್ಟಲಿಲ್ಲ. ಅವನ್ನು ಮೂರು ಡಬ್ಬಿಗೆ ಹಾಕಿದರು:

53 ರಿಂದ 79 ಪೈಸೆ — ಅತ್ಯಂತ ಹಿಂದುಳಿದವು — 39 ತಾಲ್ಲೂಕು
80 ರಿಂದ 88 ಪೈಸೆ — ಅತಿ ಹಿಂದುಳಿದವು — 40 ತಾಲ್ಲೂಕು
89 ರಿಂದ 99 ಪೈಸೆ — ಹಿಂದುಳಿದವು — 35 ತಾಲ್ಲೂಕು

ಮೊದಲ ಡಬ್ಬಿಯ 39ರಲ್ಲಿ 21 ಕಲಬುರಗಿ ವಿಭಾಗದವು. ಮಾನವಿ ಅದರಲ್ಲಿದೆ, ಲಿಂಗಸುಗೂರು, ಸಿಂಧನೂರು ಅದರಲ್ಲಿವೆ. ಆ ಸಾಲಿನ ಕಟ್ಟಕಡೆಗೆ, 53 ಪೈಸೆಯಲ್ಲಿ, ಇಡೀ ರಾಜ್ಯಕ್ಕೇ ಕೊನೆಯದಾಗಿ ನಿಂತದ್ದು ನಮ್ಮ ದೇವದುರ್ಗ.

ಈಗ ಆ ಬಸ್ಸಿನ ಹುಡುಗಿಗೆ ಈ ಮೂರು ಸಾಲು ಕೊಟ್ಟು ಹಿಸ್ಟೋಗ್ರಾಂ ಎಳೆಯಲು ಹೇಳಿ. 39, 40, 35. ಮೂರು ಕಂಬ, ಹೆಚ್ಚೂಕಡಿಮೆ ಒಂದೇ ಎತ್ತರ. ನೋಡಿದವರು ಏನಂತಾರೆ? “ಎಲ್ಲಾ ಕಡೆ ಸಮಾನ ಹಿಂದುಳಿದಿರುವಿಕೆ, ಮೂರೂ ಅಣ್ಣತಮ್ಮಂದಿರು!” ಆದರೆ ಸ್ವಲ್ಪ ತಡೆಯಿರಿ. ಡಬ್ಬಿಗಳ ಅಗಲ ನೋಡಿದಿರಾ?

ಬಸ್ಸು ಮತ್ತು ಟಂಟಂ

53 ರಿಂದ 79 ಅಂದರೆ ಎರಡೂ ತುದಿ ಸೇರಿ 27 ಪೈಸೆ ಅಗಲ. 80 ರಿಂದ 88 ಅಂದರೆ 9 ಪೈಸೆ. 89 ರಿಂದ 99 ಅಂದರೆ 11 ಪೈಸೆ. ಮೊದಲ ಡಬ್ಬಿ ಎರಡನೆಯದಕ್ಕಿಂತ ಮೂರು ಪಟ್ಟು ಅಗಲ!

ಇದನ್ನು ದಿನಾ ಓಡಾಡುವವರ ಭಾಷೆಯಲ್ಲಿ ಹೇಳೋಣ. 27 ಅಡಿ ಉದ್ದದ ಬಸ್ಸಿನಲ್ಲಿ 39 ಜನ ಕೂತಿದ್ದಾರೆ. 9 ಅಡಿ ಟಂಟಂನಲ್ಲಿ 40 ಜನ ತುಂಬಿದ್ದಾರೆ. ತಲೆ ಎಣಿಸಿದರೆ ಎರಡೂ ಒಂದೇ. ಆದರೆ ಒಳಗೆ ಕೂತವರನ್ನು ಕೇಳಿ! ಬಸ್ಸಿನಲ್ಲಿ ಅಡಿಗೆ ಒಬ್ಬೊಬ್ಬರು, ಮೇಲೆ ಅರ್ಧ. ಟಂಟಂನಲ್ಲಿ ಅಡಿಗೆ ನಾಲ್ಕು ಜನ, ಮೇಲೆ ಅರ್ಧ. ಹಿಸ್ಟೋಗ್ರಾಂನಲ್ಲಿ ಕಂಬದ ಎತ್ತರ ತೋರಿಸಬೇಕಾದ್ದು ಈ ದಟ್ಟಣೆಯನ್ನು. ತಲೆ ಲೆಕ್ಕ ಇರುವುದು ಕಂಬದ ಹರವಿನಲ್ಲಿ, ಅಂದರೆ ಎತ್ತರ ಗುಣಿಸು ಅಗಲದಲ್ಲಿ. ಎಲ್ಲ ಡಬ್ಬಿಯ ಅಗಲ ಒಂದೇ ಇದ್ದಾಗ ಎತ್ತರ ನೋಡಿದರೂ ಸಾಕು, ಹರವು ನೋಡಿದರೂ ಸಾಕು. ಅಗಲ ಬೇರೆ ಬೇರೆ ಆದ ಕೂಡಲೇ ಎಣಿಕೆಯನ್ನು ಅಗಲದಿಂದ ಭಾಗಿಸಿ ಎತ್ತರ ಕಟ್ಟಬೇಕು. ಹೈಸ್ಕೂಲಿನ ಪಾಠದಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ, ಪರೀಕ್ಷೆಯಲ್ಲಿ ಅಗಲ ಸಮಾನ ಇರುವ ಲೆಕ್ಕವೇ ಬರಲಿ ಅಂತ ದೇವರಿಗೆ ಕೈ ಮುಗಿಯುವುದೂ ಇಲ್ಲೇ.

ಭಾಗಿಸಿ ನೋಡೋಣ. 39 ಭಾಗಿಸು 27, ಪೈಸೆಗೆ ಸುಮಾರು 1.4 ತಾಲ್ಲೂಕು. 40 ಭಾಗಿಸು 9, ಸುಮಾರು 4.4. 35 ಭಾಗಿಸು 11, ಸುಮಾರು 3.2. ಒಂದು ತಾಲ್ಲೂಕಿಗೆ ಒಂದು ಸೆಂಟಿಮೀಟರ್ ಹಿಡಿದರೆ ಗ್ರಾಫ್ ಹಾಳೆಯಲ್ಲಿ ಮೊದಲ ಕಂಬ 1.4 ಸೆಂಟಿಮೀಟರ್, ಗಿಡ್ಡ ಆದರೆ ಉದ್ದಕ್ಕೆ ಹರಡಿಕೊಂಡದ್ದು. ಎರಡನೆಯದು 4.4, ಸಣಕಲು ಮತ್ತು ಎತ್ತರ. ಮೂರನೆಯದು 3.2. ಈಗ ಅಣ್ಣತಮ್ಮಂದಿರ ಕಥೆ ಹೋಯಿತು. ಹೆಚ್ಚಿನ ಹಿಂದುಳಿದ ತಾಲ್ಲೂಕುಗಳು ರೂಪಾಯಿಗೆ ಹತ್ತಿರದಲ್ಲಿ, ಎಂಬತ್ತು ಪೈಸೆಯಿಂದಾಚೆ ಗುಂಪುಗೂಡಿ ನಿಂತಿವೆ. ಎಡಗಡೆ ಒಂದು ಉದ್ದನೆಯ ಬಾಲ, ಬಾಲದ ತುದಿಗೆ ದೇವದುರ್ಗ.

ಭಾಗಿಸದೆ, ಅಡ್ಡಗೆರೆಯಲ್ಲಿ ಮಾತ್ರ ಸರಿಯಾದ ಅಗಲ ಇಟ್ಟು, 39, 40, 35 ಅಂತಲೇ ಎತ್ತರ ಕಟ್ಟಿದರೆ ಏನಾಗುತ್ತದೆ? ಮೊದಲ ಕಂಬ ಪೈಲ್ವಾನನ ಹಾಗೆ ಕಾಣುತ್ತದೆ. ಅದರ ಹರವು ಒಟ್ಟು ಹರವಿನ ಅರ್ಧಕ್ಕೂ ಮೇಲೆ, ನೂರಕ್ಕೆ 58 ದಾಟುತ್ತದೆ. ನಿಜವಾದ ಪಾಲು 114ರಲ್ಲಿ 39, ಅಂದರೆ ನೂರಕ್ಕೆ 34. ಒಂದೇ ಅಂಕಿ, ಒಂದೇ ಪೆನ್ಸಿಲು. ಒಂದು ಭಾಗಾಕಾರ ಮರೆತದ್ದಕ್ಕೆ ಮೂರನೇ ಒಂದು ಪಾಲು ಅರ್ಧಕ್ಕಿಂತ ಹೆಚ್ಚಾಗಿ ಕಂಡಿತು. ಇನ್ನೊಂದು ಮಾತು: ಅಡ್ಡಗೆರೆ ಸೊನ್ನೆಯಿಂದ ಶುರುವಾಗದೆ 53ರಿಂದ ಶುರುವಾದರೆ, ಮೂಲೆಯಲ್ಲಿ ಒಂದು ಅಂಕುಡೊಂಕು ಗೀಟು ಹಾಕಬೇಕು ಅಂತ ಮೇಷ್ಟ್ರು ಹೇಳುತ್ತಾರಲ್ಲ, ಅದೂ ಶೋಕಿಗೆ ಅಲ್ಲ. “ನಡುವೆ ಒಂದಷ್ಟು ದಾರಿ ಬಿಟ್ಟಿದ್ದೇವೆ, ಮೋಸ ಹೋಗಬೇಡಿ” ಅನ್ನುವ ಬೋರ್ಡು ಅದು.

ಒಂದೇ ಡಬ್ಬಿಯಲ್ಲಿ 26 ಪೈಸೆ ದೂರ

ಈಗ ಅಸಲು ಮಾತಿಗೆ ಬರೋಣ. ಮೊದಲ ಡಬ್ಬಿಯ ಎರಡು ತುದಿ ನೋಡಿ. ಒಂದು ತುದಿಗೆ 53, ಇನ್ನೊಂದು ತುದಿಗೆ 79. ನಡುವಿನ ದೂರ 26 ಪೈಸೆ. 79ರಿಂದ ರಾಜ್ಯದ ಸರಾಸರಿ ಒಂದು ರೂಪಾಯಿಗೆ ಎಷ್ಟು ದೂರ? 21 ಪೈಸೆ. ಅಂದರೆ ಈ ಡಬ್ಬಿಯ ಮೇಲಿನ ತುದಿಯಲ್ಲಿ ನಿಂತವನಿಗೆ ದೇವದುರ್ಗಕ್ಕಿಂತ ರಾಜ್ಯದ ಸರಾಸರಿಯೇ ಹತ್ತಿರ! ಆದರೂ ಇಬ್ಬರ ಕೊರಳಿಗೂ ಒಂದೇ ಚೀಟಿ: ‘ಅತ್ಯಂತ ಹಿಂದುಳಿದ ತಾಲ್ಲೂಕು’. ಅತ್ತ 79 ಪೈಸೆಯವನಿಗೂ 80 ಪೈಸೆಯವನಿಗೂ ನಡುವೆ ಒಂದೇ ಒಂದು ಪೈಸೆ ಫರಕು, ಚೀಟಿ ಮಾತ್ರ ಬೇರೆ.

ಸಮಿತಿಯನ್ನು ದೂರುವ ಮಾತಲ್ಲ ಇದು. ಸಮಿತಿ ತಾಲ್ಲೂಕುವಾರು ಅಂಕಿಯನ್ನು ಬಿಡಿಸಿ ಬಿಡಿಸಿ ಕೊಟ್ಟಿತ್ತು, ಆದ್ದರಿಂದಲೇ ನಾವು ಇವತ್ತು 53 ಅನ್ನುತ್ತಿದ್ದೇವೆ. ತೊಂದರೆ ಆಮೇಲೆ ಶುರುವಾಗುತ್ತದೆ. ವರದಿ ದಪ್ಪ, ಓದುವವರಿಗೆ ಪುರಸೊತ್ತಿಲ್ಲ. ಭಾಷಣಕ್ಕೆ, ಬೋರ್ಡಿಗೆ, ಪತ್ರಿಕೆ ತಲೆಬರಹಕ್ಕೆ ಡಬ್ಬಿಯ ಹೆಸರು ಮಾತ್ರ ಉಳಿಯುತ್ತದೆ. ‘39 ಅತ್ಯಂತ ಹಿಂದುಳಿದ ತಾಲ್ಲೂಕುಗಳು’ ಅಂದಾಗ ಕೊನೆಯವನು ಮೂವತ್ತೆಂಟು ಜನರ ಬೆನ್ನ ಹಿಂದೆ ಮರೆಯಾಗುತ್ತಾನೆ. ಮುಂದಿನ ಸಾಲಿನವನು ಎದ್ದು “ನಾನೂ ಅತ್ಯಂತ ಹಿಂದುಳಿದವನೇ ಸ್ವಾಮೀ” ಅಂದರೆ ಸುಳ್ಳು ಅನ್ನಲು ಬರುವುದಿಲ್ಲ. ಚೀಟಿಯಂತೂ ಹಾಗೇ ಹೇಳುತ್ತದೆ!

ಸಣ್ಣ ದುಡ್ಡಿನ ಮಾತೂ ಅಲ್ಲ. ಸಮಿತಿ ಹೇಳಿದ್ದು ಎಂಟು ವರ್ಷದಲ್ಲಿ 31 ಸಾವಿರ ಕೋಟಿ ರೂಪಾಯಿ. ಅದರ ಆಧಾರದ ಮೇಲೆ ವಿಶೇಷ ಅಭಿವೃದ್ಧಿ ಯೋಜನೆ 2007-08ರಲ್ಲಿ ಶುರುವಾಯಿತು. 2012ರಲ್ಲಿ ಸಂಸತ್ತು 371(ಜೆ) ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು, ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ ಬಂತು. 2019ರಲ್ಲಿ ಹೆಸರು ಕಲ್ಯಾಣ ಕರ್ನಾಟಕ ಆಯಿತು. 2018ರಲ್ಲಿ ಕೇಂದ್ರದವರು ‘ಮಹತ್ವಾಕಾಂಕ್ಷಿ ಜಿಲ್ಲೆ’ ಅಂತ ಇನ್ನೊಂದು ಪಟ್ಟಿ ಮಾಡಿದರು, ಕರ್ನಾಟಕದಿಂದ ಅದರಲ್ಲಿ ಇದ್ದದ್ದು ರಾಯಚೂರು ಮತ್ತು ಯಾದಗಿರಿ. 2024ರಲ್ಲಿ ರಾಜ್ಯ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಹೊಸದಾಗಿ ಅಳತೆ ಮಾಡಲು ಇನ್ನೊಂದು ಸಮಿತಿ ಮಾಡಿತು. ಪ್ರತಿ ಸಲವೂ ಅದೇ ಕೆಲಸ: ಅಂಕಿ ಕೂಡಿಸುವುದು, ಡಬ್ಬಿ ಮಾಡುವುದು, ಗಡಿ ಎಳೆಯುವುದು, ಗೀಟು ಹಾಕುವುದು. ಹಿಸ್ಟೋಗ್ರಾಂನ ನಾಲ್ಕು ಹೆಜ್ಜೆಗಳು!

ಒಂದು ಎಚ್ಚರಿಕೆ ಹೇಳಲೇಬೇಕು. ಆ 53 ಪೈಸೆ 2002ರ ವರದಿಯದು. ಆಮೇಲೆ ತಾಲ್ಲೂಕುಗಳೇ ಒಡೆದವು, ಮಾನವಿಯಿಂದ ಸಿರವಾರ ಬೇರೆಯಾಯಿತು. ಹಳೆ ಅಂಕಿ ಹಿಡಿದು ಇವತ್ತಿನ ದೇವದುರ್ಗವನ್ನು ಬೈಯುವುದೂ ತಪ್ಪು, ಹೊಗಳುವುದೂ ತಪ್ಪು. ಹಿಸ್ಟೋಗ್ರಾಂ ಅಂದರೆ ಒಂದು ದಿನದ ಫೋಟೋ. ಫೋಟೋ ಕೆಳಗೆ ತಾರೀಕು ಇದೆಯಾ ನೋಡುವುದು ಓದುವವನ ಮೊದಲ ಕೆಲಸ.

ಹಡಗಲಿಯಲ್ಲಿ ಹುಟ್ಟಿದ ಕೂಸು

“ಲೆಕ್ಕ ನಮ್ಮ ಭಾಗದ ಹುಡುಗರಿಗೆ ಹತ್ತೋದಿಲ್ರಿ” ಅಂತ ಹೇಳುವವರು ಬಹಳ. ಅವರಿಗೆ ಒಂದು ಹೆಸರು ಹೇಳುತ್ತೇವೆ. ತುಂಗಭದ್ರೆಯ ದಂಡೆಯ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು, ತೆಲುಗು ಮನೆತನವೊಂದರಲ್ಲಿ ಒಂದು ಕೂಸು ಹುಟ್ಟಿತು. ಮುಂದೆ ಅದೇ ಸಿ.ಆರ್. ರಾವ್. ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡಿ ಜಗತ್ತಿಗೇ ಲೆಕ್ಕ ಹೇಳಿಕೊಟ್ಟವರು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ, ತೀರಿಕೊಂಡರು. ತುಂಗಭದ್ರೆಯ ನೀರಿಗೂ ಲೆಕ್ಕಕ್ಕೂ ಹಗೆತನ ಇಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಹಗೆತನ ಇರುವುದು ನಾವು ಕಲಿಸುವ ರೀತಿಯಲ್ಲಿ. 2011ರ ಜನಗಣತಿ ಪ್ರಕಾರ ರಾಜ್ಯದ ಸಾಕ್ಷರತೆ ನೂರಕ್ಕೆ 75.36, ರಾಯಚೂರು ಜಿಲ್ಲೆಯದು 59.56. ಇಂಥ ಜಿಲ್ಲೆಯಲ್ಲಿ ಹೈಸ್ಕೂಲು ತನಕ ಬಂದ ಮಗು ಮನೆಗೇ ಮೊದಲ ಲೆಕ್ಕಿಗ ಆಗಿರಬಹುದು. ಆ ಮಗುವಿಗೆ ‘ಇಷ್ಟು ಎಳೆದರೆ ನಾಲ್ಕು ಮಾರ್ಕು’ ಅಂತ ಹೇಳಿ ಕಳಿಸಿದರೆ, ನಾಳೆ ಪಂಚಾಯಿತಿಯಲ್ಲಿ, ಗ್ರಾಮಸಭೆಯಲ್ಲಿ, ಅಂಗಡಿಯಲ್ಲಿ ಯಾರೋ ತಂದು ಹಿಡಿದ ಬಣ್ಣದ ಕಂಬ ನೋಡಿ ತಲೆಯಾಡಿಸುವುದು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ.

ಏನು ಮಾಡಬೇಕು ಅಂತೀರಾ?

ದೊಡ್ಡ ಯೋಜನೆ ಏನೂ ಬೇಡ. ಅಂಗಡಿಯವರೇ, ಮನೆಯಲ್ಲಿ ಒಂಬತ್ತನೆಯದೋ ಹತ್ತನೆಯದೋ ಓದುವ ಮಗು ಇದ್ದರೆ ಒಂದು ದಿನದ ಬಿಲ್ ಬುಕ್ಕು ಅದರ ಕೈಗೆ ಕೊಡಿ. “ನಮ್ಮ ಗಿರಾಕಿ ಎಂಥವರು, ಎಳೆದು ತೋರಿಸು” ಅನ್ನಿ. ಅದಕ್ಕೆ ಪಾಠ, ನಿಮಗೆ ಲಾಭ. ದಿನಾ ಬಸ್ಸಿಗೆ ಬರುವವರೇ, ನೀವು ಕಾದ ನಿಮಿಷವನ್ನು ಒಂದು ತಿಂಗಳು ಚೀಟಿಯಲ್ಲಿ ಬರೆದಿಡಿ. “ಬಸ್ಸು ಲೇಟು” ಅಂತ ಕೂಗಿದರೆ ಯಾರೂ ಕೇಳುವುದಿಲ್ಲ. “ಇಪ್ಪತ್ತಾರು ದಿನದಲ್ಲಿ ಇಷ್ಟು ದಿನ ಮುಕ್ಕಾಲು ಗಂಟೆ ಮೇಲೆ ಕಾದೆ, ನೋಡ್ರಿ ಹಾಳೆ” ಅಂದರೆ ಡಿಪೋದವರೂ ಒಂದು ಸಲ ಬಗ್ಗಿ ನೋಡುತ್ತಾರೆ. ಮೇಷ್ಟ್ರುಗಳೇ, ಕೊನೆಗೆ ಒಂದೇ ಒಂದು ಪ್ರಶ್ನೆ ಸೇರಿಸಿ: “ಇದರಿಂದ ಏನು ತಿಳೀತು, ಎರಡು ವಾಕ್ಯ ಬರಿ.”

ಯಾವ ಹಿಸ್ಟೋಗ್ರಾಂ ಕಣ್ಣಿಗೆ ಬಿದ್ದರೂ ಕೇಳಬೇಕಾದ್ದು ಐದೇ ಮಾತು. ಯಾವತ್ತಿನ ಅಂಕಿ? ಯಾರನ್ನು ಎಣಿಸಿದ್ದೀರಿ, ಯಾರನ್ನು ಬಿಟ್ಟಿದ್ದೀರಿ? ಡಬ್ಬಿಗಳ ಅಗಲ ಒಂದೇ ಇದೆಯಾ, ಇಲ್ಲದಿದ್ದರೆ ಭಾಗಿಸಿದ್ದೀರಾ? ಗಡಿ ಯಾಕೆ ಅಲ್ಲೇ ಎಳೆದಿರಿ? ಬಾಲದ ತುದಿಗೆ ಯಾರು ನಿಂತಿದ್ದಾರೆ?

ಬಸ್ಸಿನ ಕಥೆ ಅರ್ಧಕ್ಕೆ ನಿಂತಿತಲ್ಲ, ಮುಗಿಸುತ್ತೇವೆ. ಗಬ್ಬೂರು ಹತ್ತಿರ ಬರುವಾಗ ಆ ಹಿರಿಯರು ಹುಡುಗಿಯ ಹಾಳೆಯನ್ನು ಕೈಗೆ ತಗೊಂಡು ನೋಡುತ್ತಿದ್ದರು. ಅದು ಒಂದು ಕ್ಲಾಸಿನ ಮಕ್ಕಳ ಮಾರ್ಕಿನ ಲೆಕ್ಕ. ಎಡಗಡೆ ಮೂಲೆಯ ಗಿಡ್ಡ ಕಂಬಕ್ಕೆ ಬೆರಳಿಟ್ಟು ಕೇಳಿದರು:

“ಈ ಕಡೀಕ್ ಇರೋರು ಎಷ್ಟು ಮಂದಿ ಅವ್ವಾ?”

“ಮೂರು ಮಂದಿರಿ ಕಾಕಾ. ಹತ್ತರೊಳಗ ಬಂದಾರ.”

“ಅವ್ರಿಗೆ ಯಾರು ಹೇಳಿಕೊಡ್ತಾರ?”

ಹುಡುಗಿ ಹಾಳೆ ನೋಡಿತು, ಹಿರಿಯರ ಮುಖ ನೋಡಿತು. ಈ ಸಲ ಮಾರ್ಕಿನ ಮಾತು ಎತ್ತಲಿಲ್ಲ.